ಎರವಿನ ಹೆಸರು

ಸೊಲ್ಲಾಪುರದಲ್ಲಿ ವಿಜಾಪುರ ರಸ್ತೆ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆ ರಸ್ತೆ ಮುಟ್ಟುವ ಊರಿಗೆ ಮರಾಠಿಯಲ್ಲಿ ವಿಜಾಪುರವೆಂದು ಹೆಸರು. ಬಹುಕಾಲ ಸರಕಾರಿ ಕಾಗದಗಳಲ್ಲಿ ಅದು ಬಿಜಾಪುರವಾಗಿತ್ತು. 2014ರ ನವೆಂಬರ್ 1ರಿಂದ ವಿಜಯಪುರವಾಯಿತು. ರಸ್ತೆಯ ಅಂಕೆಯೂ ಹಾಗೆಯೇ. 2010ರಲ್ಲಿ ಹೆದ್ದಾರಿಗಳಿಗೆಲ್ಲ ಹೊಸ ಅಂಕೆ ಬರುವ ತನಕ ಅದು 13ನೆಯ ರಾಷ್ಟ್ರೀಯ ಹೆದ್ದಾರಿ. ಸೊಲ್ಲಾಪುರದಲ್ಲಿ ಹೊರಟು, ಭೀಮೆಯನ್ನು ದಾಟಿ, ವಿಜಾಪುರ, ಇಳಕಲ್ಲು, ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗಗಳ ಮೇಲೆ ಘಟ್ಟವಿಳಿದು ನಮ್ಮ ಮಂಗಳೂರಿನಲ್ಲಿ ಮುಗಿಯುತ್ತಿದ್ದ ಹೆದ್ದಾರಿ ಅದು. ಊರಿನ ಹೆಸರು ಬದಲಾಯಿತು, ದಾರಿಯ ಅಂಕೆ ಬದಲಾಯಿತು, ದಾರಿ ಮಾತ್ರ ಅದೇ.

ದಾರಿಯ ಈ ತುದಿಯವರಿಗೂ ಆ ತುದಿಯವರಿಗೂ ಇನ್ನೊಂದು ನಂಟಿದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಚಂದ್ರಗಿರಿಯ ಉತ್ತರದ ಕಾಸರಗೋಡು ಇವೆಲ್ಲ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರ ಒಂದೇ ವರದಿಯಲ್ಲಿ ಹೇಳಿತ್ತು, ಯಾವುದೂ ಸೇರಲಿಲ್ಲ. ಮನೆಯ ಮಾತು ಒಂದು, ಕಚೇರಿಯ ದಾಖಲೆ ಇನ್ನೊಂದು ಎಂಬ ಬಾಳುವೆ ನಮಗೆ ರೂಢಿಯಾಗಿದೆ. ಆದುದರಿಂದಲೋ ಏನೋ, ಹೆಸರೆಂಬುದು ಬರಿಯ ಕಾಗದದ ವಿಷಯ, ವಸ್ತು ಯಾರ ಕೈಯಲ್ಲಿದೆಯೋ ಅವರದು ಎಂಬ ಭಾವನೆ ಗಡಿಯವರಲ್ಲಿ ಬೇಗ ಬೇರೂರುತ್ತದೆ. ಆ ಭಾವನೆ ಎಷ್ಟು ದೂರ ಸರಿ, ಎಲ್ಲಿಂದ ಮುಂದೆ ತಪ್ಪು ಎಂಬುದನ್ನು ತೀರ ಸಣ್ಣದೆನಿಸುವ ಒಂದು ವ್ಯವಹಾರದ ಮೂಲಕ ವಿಚಾರಿಸಬೇಕೆಂದು ನನ್ನ ಆಸೆ. ಹರೆಯದ ಹುಡುಗನೊಬ್ಬ ಓಡಿಸುವ ಕಾರನ್ನು ನೆಂಟನೊಬ್ಬನ ಹೆಸರಿನಲ್ಲಿ ನೋಂದಾಯಿಸಿ, ಅವನ ಹೆಸರಿನಲ್ಲಿಯೇ ವಿಮೆ ಇಳಿಸುವುದು: ಇದೇ ಆ ವ್ಯವಹಾರ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಕ್ಕಲಕೋಟೆಯ ಕಡೆಯ ಹುಡುಗ, ವಯಸ್ಸು ಇಪ್ಪತ್ತೊಂದು. ಸೊಲ್ಲಾಪುರದಲ್ಲಿ ಒಂದು ಸಣ್ಣ ಕೆಲಸ. ಕೈಯಲ್ಲಿ ಲೈಸೆನ್ಸಿದೆ, ಕೂಡಿಟ್ಟ ಹಣ ಸ್ವಲ್ಪವಿದೆ, ಸಾಲ ಸಿಗುವಷ್ಟು ಸಂಬಳವಿಲ್ಲ. ಸೋದರಮಾವ ನಿವೃತ್ತ ಮಾಸ್ತರರು. ಅವರಿಗೆ ಪಿಂಚಣಿಯಿದೆ, ಐದು ವರ್ಷ ಪರಿಹಾರವನ್ನೇ ಕೇಳದೆ ಓಡಿಸಿ ಈಗ ಮಾರುತ್ತಿರುವ ಹಳೆಯ ಕಾರೊಂದಿದೆ. ಹುಡುಗ ಹೇಳುತ್ತಾನೆ: “ಮಾಮಾ, ಗಾಡಿ ನಿಮ್ಮ ಹೆಸರಿನ್ಯಾಗ ಇರ್ಲಿ. ಕಂತು ನಾ ಕಟ್ತೀನಿ, ನಡಸಾಂವನೂ ನಾನ.” ಮಾವ ಒಂದು ಗಳಿಗೆ ಯೋಚಿಸುತ್ತಾರೆ. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ: “ಹೆಸರಿನ್ಯಾಗ ಏನೈತ್ರಿ? ಎಲ್ಲಾ ನಮ್ಮದ ಅಲ್ಲೇನು?” ಕೆಲಸ ಮುಗಿಯಿತು.

ಈ ಮಾತುಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಮಾವನದು ಔದಾರ್ಯ, ಹುಡುಗನದು ಆಸೆ, ಅತ್ತೆಯದು ಅಂತಃಕರಣ. ಹೀಗಿರುವುದರಿಂದಲೇ ಈ ಪ್ರಶ್ನೆ ವಿಚಾರಕ್ಕೆ ಯೋಗ್ಯವಾದದ್ದು. ದುಷ್ಟರು ಮಾಡುವ ಮೋಸವನ್ನು ಖಂಡಿಸಲು ದೊಡ್ಡ ವಿವೇಕವೇನೂ ಬೇಕಾಗಿಲ್ಲ. ಒಳ್ಳೆಯವರು ಪ್ರೀತಿಯಿಂದ ಮಾಡುವ ಅರ್ಧಸತ್ಯವನ್ನು ತೂಗುವುದೇ ಕಷ್ಟ.

ಮೊದಲು ವ್ಯವಹಾರವನ್ನು ಇದ್ದ ಹಾಗೆ ನೋಡೋಣ. ಇಂಗ್ಲೆಂಡಿನಂಥ ದೇಶಗಳಲ್ಲಿ ಕಾರು ಓಡಿಸುವವನ ವಯಸ್ಸಿನ ಮೇಲೆ ವಿಮೆಯ ಕಂತು ಏರುತ್ತದೆ. ಹದಿನೆಂಟು ಇಪ್ಪತ್ತರ ಹುಡುಗರಿಗೆ ಅದು ಬಲು ಭಾರ. ಹಾಗಾಗಿ ಮಗನ ಕಾರಿಗೆ ತಂದೆಯನ್ನೇ ಮುಖ್ಯ ಚಾಲಕನೆಂದು ಬರೆಸುವ ಚಾಳಿ ಅಲ್ಲಿದೆ; ಅದನ್ನು ವಂಚನೆಯೆಂದೇ ಎಣಿಸುತ್ತಾರೆ. ನಮ್ಮಲ್ಲಿ ಲೆಕ್ಕ ಬೇರೆ. ದಾರಿಯಲ್ಲಿ ಹೋಗುವ ಮೂರನೆಯವರ ರಕ್ಷಣೆಗಾಗಿ 1988ರ ಮೋಟಾರು ವಾಹನ ಕಾಯಿದೆ ಕಡ್ಡಾಯ ಮಾಡಿರುವ ವಿಮೆಯ ದರವನ್ನು ಸರಕಾರವೇ ಗೊತ್ತುಪಡಿಸುತ್ತದೆ. ಖಾಸಗಿ ಕಾರಿನ ಮಟ್ಟಿಗೆ ಅದು ನಿಂತಿರುವುದು ಎಂಜಿನ್ನಿನ ಗಾತ್ರದ ಮೇಲೆ, ಓಡಿಸುವವನ ಹರೆಯದ ಮೇಲಲ್ಲ. ಒಡೆಯನ ಒಪ್ಪಿಗೆಯಿಂದ, ಸರಿಯಾದ ಲೈಸೆನ್ಸಿರುವ ಯಾರು ಓಡಿಸಿದರೂ ಪಾಲಿಸಿ ನಡೆಯುತ್ತದೆ. ತಂದೆಯ ಕಾರನ್ನು ಮಗ ಓಡಿಸುವುದರಲ್ಲಿ, ಮಾವನ ಕಾರನ್ನು ಅಳಿಯ ಓಡಿಸುವುದರಲ್ಲಿ ಕಾನೂನಿಗೂ ಧರ್ಮಕ್ಕೂ ಏನೂ ತಕರಾರಿಲ್ಲ.

ಹಾಗಾದರೆ ಮಾವನ ಹೆಸರಿನಿಂದ ಸಿಗುವ ಲಾಭವೇನು? ಒಂದು, ಸಾಲ. ಎರಡು, ನೋ ಕ್ಲೇಮ್ ಬೋನಸ್. ಪರಿಹಾರ ಕೇಳದೆ ವರ್ಷಗಳನ್ನು ಕಳೆದವನಿಗೆ ಸ್ವಂತ ಹಾನಿಯ ವಿಮೆಯ ಕಂತಿನಲ್ಲಿ 20, 25, 35, 45, ಕೊನೆಗೆ ಐದು ವರ್ಷಕ್ಕೆ 50 ಶೇಕಡಾ ರಿಯಾಯಿತಿ. ಈ ಬೋನಸ್ಸು ಕಾರಿಗೆ ಸೇರಿದ್ದಲ್ಲ, ವಿಮೆ ಇಳಿಸಿದ ವ್ಯಕ್ತಿಗೆ ಸೇರಿದ್ದು. ಹಳೆಯ ಕಾರು ಮಾರಿ ಹೊಸತು ಕೊಂಡರೆ ಅದು ಅವನ ಹಿಂದೆಯೇ ಬರುತ್ತದೆ. ಅವನು ಬದುಕಿರುವ ತನಕ ಬೇರೆಯವನಿಗೆ ದಾಟುವುದಿಲ್ಲ. ಸ್ವಂತ ಹಾನಿಯ ಕಂತು 10,000 ರೂಪಾಯಿ ಎಂದಿಟ್ಟುಕೊಂಡರೆ ಹುಡುಗನ ಹೆಸರಿನಲ್ಲಿ ಅಷ್ಟೂ ಕಟ್ಟಬೇಕು, ಮಾವನ ಹೆಸರಿನಲ್ಲಿ 5,000 ಸಾಕು. ಐದು ವರ್ಷ ಜಾಗರೂಕತೆಯಿಂದ ಓಡಿಸಿದವನಿಗೆ ಸಂದ ಮರ್ಯಾದೆ ಅದು. ಅದನ್ನು ಈಗ ಅನುಭವಿಸುತ್ತಿರುವವನು ನಿನ್ನೆ ಮೊನ್ನೆ ಸ್ಟೀಯರಿಂಗ್ ಹಿಡಿದವನು.

ಗಡಿಯಲ್ಲಿ ಮೂರನೆಯ ಲಾಭವೂ ಒಂದುಂಟು. ಅಕ್ಕಲಕೋಟೆಯ ಮಗ್ಗುಲಿಗೇ ಆಳಂದ, ಅಫಜಲಪುರ. ನಮ್ಮ ಮಂಜೇಶ್ವರದ ಮಗ್ಗುಲಿಗೇ ಮಂಗಳೂರು. ಎರಡೂ ಕಡೆ ನೆಂಟರಿದ್ದಾರೆ, ನೆಂಟರಿಗೆ ವಿಳಾಸವಿದೆ. ರಾಜ್ಯ ರಾಜ್ಯಕ್ಕೆ ರಸ್ತೆ ತೆರಿಗೆ ಬೇರೆ ಬೇರೆಯಾಗಿರುವಾಗ ಯಾರ ವಿಳಾಸ ಅಗ್ಗವೋ ಅವರ ಹೆಸರು ಪ್ರಿಯವಾಗುತ್ತದೆ. ಒಂದು ರಾಜ್ಯದಲ್ಲಿ ನೋಂದಾಯಿಸಿದ ಗಾಡಿ ಇನ್ನೊಂದರಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಉಳಿದರೆ ಹೊಸ ಅಂಕೆ ಪಡೆಯಬೇಕೆಂದು ಕಾಯಿದೆಯ 47ನೆಯ ಕಲಮು ಹೇಳುತ್ತದೆ. ಪುದುಚೇರಿಯ ವಿಳಾಸ ತೋರಿಸಿ ಬೆಲೆಬಾಳುವ ಕಾರುಗಳನ್ನು ಅಲ್ಲಿ ನೋಂದಾಯಿಸಿಕೊಂಡ ಕೇರಳದ ಕೆಲವು ಪ್ರಸಿದ್ಧರ ಸುದ್ದಿ 2017ರಲ್ಲಿ ದೊಡ್ಡ ಗದ್ದಲವೆಬ್ಬಿಸಿ ಪೊಲೀಸು ಕೇಸುಗಳಾದುದು ಓದುಗರಿಗೆ ನೆನಪಿರಬಹುದು. ದೊಡ್ಡವರ ಸುದ್ದಿ ಪತ್ರಿಕೆಯಲ್ಲಿ ಬಂತು, ಅಷ್ಟೆ.

ಇನ್ನು ಮನೆಯವರ ಪರವಾದ ವಾದವನ್ನೂ ಕೇಳಬೇಕು. ಅದು ದುರ್ಬಲವಾದ ವಾದವಲ್ಲ. ನಮ್ಮ ಹಿರಿಯರ ಕಾಲದಲ್ಲಿ ಆಸ್ತಿ ಒಬ್ಬರ ಹೆಸರಿನಲ್ಲಿದ್ದರೆ ಅದು ಆ ಒಬ್ಬರದೆಂದು ಅರ್ಥವಾಗಿರಲಿಲ್ಲ. ಅಳಿಯ ಸಂತಾನದ ಮನೆಯ ಯಜಮಾನ, ಮಲಯಾಳದ ತರವಾಡಿನ ಕಾರಣವರ್, ಬಯಲುಸೀಮೆಯ ಕೂಡುಕುಟುಂಬದ ಹಿರಿಯ ಇವರೆಲ್ಲರೂ ಹೆಸರಿನ ಮಟ್ಟಿಗೆ ಒಡೆಯರು, ಫಲ ಎಲ್ಲರದು. ಕೇರಳ ಅವಿಭಕ್ತ ಕುಟುಂಬ ಪದ್ಧತಿಯನ್ನು 1975ರ ಕಾಯಿದೆಯಿಂದ ರದ್ದುಮಾಡಿತು. ಕಾಯಿದೆ ಹೋಯಿತೆಂದು ಮನಸ್ಸಿನ ಪದ್ಧತಿ ಹೋಗುತ್ತದೆಯೆ? “ಎಲ್ಲಾ ನಮ್ಮದ ಅಲ್ಲೇನು” ಎಂದ ಅತ್ತೆಯ ಮಾತಿನಲ್ಲಿ ಸುಳ್ಳಿಲ್ಲ. ಒಂದು ಹಳೆಯ ಸತ್ಯವಿದೆ. ಬೇನಾಮಿ ವ್ಯವಹಾರವನ್ನು ತಡೆಯಲು 1988ರಲ್ಲಿಯೇ ಬಂದ ಇನ್ನೊಂದು ಕಾಯಿದೆ ಕೂಡ, ಹೆಂಡತಿಯ ಅಥವಾ ಮದುವೆಯಾಗದ ಮಗಳ ಹೆಸರಿನಲ್ಲಿ ಕೊಂಡದ್ದನ್ನು ಅಪರಾಧವೆನ್ನಲಿಲ್ಲ. ಮನೆಯೊಳಗೆ ಹೆಸರು ಅಡ್ಡಾಡುತ್ತದೆ ಎಂಬುದನ್ನು ಅದೂ ಒಪ್ಪಿಕೊಂಡಿತು.

ಮತ್ತೊಂದು ಮಾತು. ಬೇರೆ ಹೆಸರು ಹಾಕಿದ ಮಾತ್ರಕ್ಕೆ ಸುಳ್ಳಾಗುವುದಾದರೆ ಸೊನ್ನಲಿಗೆಯ ಸಿದ್ಧರಾಮನನ್ನು ಏನೆನ್ನೋಣ? ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಆತ ತನ್ನ ವಚನಗಳಿಗೆ ಹಾಕಿದ್ದು ತನ್ನ ಹೆಸರನ್ನಲ್ಲ, ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ದೇವರ ಅಂಕಿತವನ್ನು. ಅದರೆ ಅಲ್ಲಿ ಒಂದು ಸೂಕ್ಷ್ಮವಿದೆ. ಅಂಕಿತ ದೇವರದಾದರೂ ಆಡಿದ ಮಾತಿನ ಹೊಣೆ ಆಡಿದವನ ತಲೆಯ ಮೇಲೆಯೇ ಉಳಿಯಿತು. ಕೇಳಿದವರಿಗೂ ಅದು ಯಾರ ಮಾತೆಂಬುದರಲ್ಲಿ ಸಂಶಯವಿರಲಿಲ್ಲ. ಹೆಸರು ಬೇರೆಯಾದಾಗ ಕೇಳಬೇಕಾದ ಪ್ರಶ್ನೆ ಇದೇ: ಹೆಸರಿನೊಂದಿಗೆ ಹೊಣೆ ಯಾರ ಕಡೆಗೆ ಹೋಯಿತು? ಅದನ್ನು ನಂಬಿ ನಡೆಯುವವರಿಗೆ ನಿಜ ತಿಳಿದಿದೆಯೆ?

ಇಲ್ಲಿ ವಿಮೆಯ ಸ್ವರೂಪವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಂಪನಿಯೆಂದರೆ ಗಾಜಿನ ಕಟ್ಟಡ, ಅದರ ಹಣ ಯಾರದೂ ಅಲ್ಲ ಎಂಬ ಎಣಿಕೆ ನಮ್ಮಲ್ಲಿದೆ. ನಿಜಕ್ಕೆ ವಿಮೆಯೂ ಒಂದು ಕೂಡುಕುಟುಂಬ. ಪರಿಚಯವಿಲ್ಲದ ಸಾವಿರಾರು ಜನ ತಮ್ಮ ತಮ್ಮ ಪಾಲನ್ನು ಒಂದು ಹುಂಡಿಗೆ ಹಾಕುತ್ತಾರೆ. ಯಾರ ಮನೆಗೆ ವಿಪತ್ತು ಬಂತೋ ಅವರಿಗೆ ಅದರಿಂದ ಕೊಡುತ್ತಾರೆ. ಒಬ್ಬರ ಮುಖ ಒಬ್ಬರು ನೋಡದ ಈ ಕುಟುಂಬವನ್ನು ಹಿಡಿದಿಟ್ಟಿರುವುದು ರಕ್ತವಲ್ಲ, ಮಾತು. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್, ಸುಮಾತ್ರದ ಒಂದು ಕೋಟೆಯ ವಿಮೆಯ ವ್ಯಾಜ್ಯದಲ್ಲಿ ಇದನ್ನೇ ತತ್ವವಾಗಿ ಹೇಳಿದ. ವಿಪತ್ತಿನ ಸಂಭವವನ್ನು ಅಳೆಯಲು ಬೇಕಾದ ಸಂಗತಿಗಳು ಹೆಚ್ಚಾಗಿ ವಿಮೆ ಇಳಿಸುವವನೊಬ್ಬನಿಗೇ ಗೊತ್ತಿರುತ್ತವೆ. ಕಂಪನಿ ಅವನ ಮಾತನ್ನೇ ನಂಬಬೇಕು. ಆದುದರಿಂದ ಅವನು ಮುಚ್ಚಿಡಬಾರದು. ಅಪ್ಪ ಮಕ್ಕಳ ನಡುವೆ ಬೇಕಾದಷ್ಟು ನಂಬಿಕೆ ಅಪರಿಚಿತರ ನಡುವೆ ಬೇಕೆಂದು ಕೇಳುವ ವಿಚಿತ್ರ ವ್ಯವಹಾರವಿದು. ಒಂದು ಕುಟುಂಬದ ಪ್ರೀತಿಗಾಗಿ ಇನ್ನೊಂದು ಕುಟುಂಬದ ಹುಂಡಿಯಿಂದ 5,000 ರೂಪಾಯಿ ತೆಗೆಯುವುದು ಔದಾರ್ಯವಲ್ಲ. ಔದಾರ್ಯವೆಂದರೆ ಸ್ವಂತದ್ದನ್ನು ಕೊಡುವುದು.

ಇಷ್ಟಾದರೂ “ಹೋಗಲಿ, ಕಂಪನಿಗೆ ಐದು ಸಾವಿರ ನಷ್ಟ, ಲೋಕ ಮುಳುಗಿತೆ?” ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ, ನಷ್ಟ ಕಂಪನಿಯ ಬಳಿ ನಿಲ್ಲುವುದಿಲ್ಲ, ಮನೆಗೇ ಬರುತ್ತದೆ ಎಂದು. ಅದು ಎರಡು ದಾರಿಯಲ್ಲಿ ಬರುತ್ತದೆ.

ಮೊದಲನೆಯದು ಹೆಸರು ಕೊಟ್ಟ ಮಾವನ ಬಾಗಿಲಿಗೆ. ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವನೇ ಒಡೆಯ ಎಂದು 1988ರ ಕಾಯಿದೆಯ ವ್ಯಾಖ್ಯೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಪ್ರಕರಣದಲ್ಲಿ ಕಾರು ಮಾರಾಟವಾಗಿ ಕೈಯಿಂದ ಕೈಗೆ ದಾಟಿತ್ತು. ನೋಂದಣಿ ಪುಸ್ತಕದಲ್ಲಿ ಮಾತ್ರ ಹಳೆಯ ಹೆಸರೇ ಇತ್ತು. ಅಪಘಾತವಾಯಿತು. ನಾನು ಎಂದೋ ಮಾರಿದ್ದೇನೆ ಎಂಬ ಮೊದಲ ಒಡೆಯನ ಮಾತನ್ನು ಕೋರ್ಟು ಒಪ್ಪಲಿಲ್ಲ. ಗಾಯಗೊಂಡವರು, ಸತ್ತವರ ಮನೆಯವರು ಒಬ್ಬನಿಂದ ಇನ್ನೊಬ್ಬನ ಬೆನ್ನು ಹತ್ತುತ್ತ ತಿರುಗುವಂತೆ ಆಗಬಾರದು ಎಂಬುದು ಅದರ ನಿಲುವು. ನಿಜವಾಗಿ ಮಾರಿದವನಿಗೇ ಈ ಗತಿಯಾದರೆ, ಬೇಕೆಂದೇ ಹೆಸರು ಕೊಟ್ಟವನು ಏನು ಹೇಳಿಯಾನು? ಓಡಿಸಿದವನಿಗೆ ಲೈಸೆನ್ಸಿಲ್ಲವೆಂದಾದರೆ, 2004ರ ಒಂದು ತೀರ್ಪಿನಿಂದ ನೆಲೆಗೊಂಡ ಕ್ರಮದಂತೆ, ಕಂಪನಿ ಮೊದಲು ಮೂರನೆಯವರಿಗೆ ಪರಿಹಾರ ಕೊಡುತ್ತದೆ. ತಿಳಿದೂ ಗಾಡಿ ಕೊಟ್ಟ ಒಡೆಯನಿಂದ ಆಮೇಲೆ ಅದನ್ನು ವಸೂಲು ಮಾಡಬಹುದು. ಹದಿನೆಂಟು ತುಂಬದ ಮಕ್ಕಳ ಕೈಗೆ ಗಾಡಿ ಕೊಟ್ಟು ಅಪರಾಧ ನಡೆದರೆ 2019ರಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ ಪೋಷಕನಿಗೆ ಅಥವಾ ಒಡೆಯನಿಗೆ ಮೂರು ವರ್ಷದವರೆಗೆ ಸೆರೆಮನೆ, 25,000 ರೂಪಾಯಿ ದಂಡ. ‘ಹೆಸರಿಗೆ ಮಾತ್ರ’ ಎಂಬ ನಮ್ಮ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಎರಡನೆಯ ದಾರಿ ಹೆಚ್ಚು ದುಃಖದ್ದು. ಅದು ಹುಡುಗನ ಕಡೆಗೆ ಹೋಗುತ್ತದೆ. ಹಿಂದೆ ಹೇಳಿದ ಹಳೆಯ 13ನೆಯ ಹೆದ್ದಾರಿಯಲ್ಲಿಯೇ, ಇಳಕಲ್ಲು ಮತ್ತು ಕುಷ್ಟಗಿಯ ನಡುವೆ, ಇನ್ನೊಬ್ಬರಿಂದ ಬೈಕನ್ನು ಕೇಳಿ ತಂದು ತನ್ನ ಊರಿಗೆ ಹೊರಟಿದ್ದ ಒಬ್ಬಾತ, ಕಬ್ಬಿಣದ ತಗಡು ಹೇರಿಕೊಂಡು ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ಥಟ್ಟನೆ ನಿಂತಾಗ ಅದಕ್ಕೆ ಬಡಿದು ತೀರಿಕೊಂಡ. ಮನೆಯವರು ಬೈಕಿನ ವಿಮೆಯಿಂದ ಪರಿಹಾರ ಕೇಳಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 2009ರ ಮೇ ತಿಂಗಳಲ್ಲಿ ಕೋರ್ಟು ಹೇಳಿದ್ದು ಇಷ್ಟು: ಒಡೆಯನಿಂದ ಗಾಡಿ ಪಡೆದು ಓಡಿಸುವವನು ಒಡೆಯನ ಸ್ಥಾನದಲ್ಲಿಯೇ ನಿಲ್ಲುತ್ತಾನೆ, ಅವನು ಮೂರನೆಯವನಲ್ಲ; ತಪ್ಪು ಯಾರದೆಂದು ತೋರಿಸದೆಯೇ ಪರಿಹಾರ ಕೇಳಬಹುದಾಗಿದ್ದ ಆಗಿನ 163ಎ ಕಲಮು ಅವನ ವಾರಸುದಾರರಿಗೆ ಒದಗುವುದಿಲ್ಲ. ಬೇರೆ ಕಲಮಿನ ಕೆಳಗೆ ಏನಾದರೂ ದೊರಕಬಹುದೇ ಎಂದು ನೋಡುವ ಕೆಲಸವನ್ನು ಹೈಕೋರ್ಟಿಗೆ ಒಪ್ಪಿಸಿತು.

ಒಡೆಯನೇ ಓಡಿಸುತ್ತ ಸತ್ತರೆ ಅವನಿಗೆಂದು ಪಾಲಿಸಿಯಲ್ಲಿ ವೈಯಕ್ತಿಕ ಅಪಘಾತ ವಿಮೆ ಎಂಬುದಿದೆ. 2018ರಲ್ಲಿ ಅದರ ಮೊತ್ತವನ್ನು 15 ಲಕ್ಷಕ್ಕೆ ಏರಿಸಿದರು. ಅದರ ಷರತ್ತುಗಳನ್ನು ನೋಡಿ. ಓಡಿಸುವವನು ನೋಂದಣಿಯಲ್ಲಿ ಹೆಸರಿರುವ ಒಡೆಯನೇ ಆಗಿರಬೇಕು, ಪಾಲಿಸಿಯೂ ಅವನ ಹೆಸರಿನಲ್ಲೇ ಇರಬೇಕು, ಲೈಸೆನ್ಸೂ ಅವನಿಗಿರಬೇಕು. ಈಗ ಎರಡನ್ನೂ ಕೂಡಿಸಿ. ಮಾವನ ಹೆಸರಿನ ಕಾರನ್ನು ಓಡಿಸುತ್ತಿರುವ ನಮ್ಮ ಅಕ್ಕಲಕೋಟೆಯ ಹುಡುಗ ತನ್ನ ತಪ್ಪಿನಿಂದಲೇ ಒಂದು ಮರಕ್ಕೆ ಬಡಿದನೆಂದು ಇಟ್ಟುಕೊಳ್ಳೋಣ. ಮೂರನೆಯವನೆಂದು ಕೇಳುವಂತಿಲ್ಲ, ಏಕೆಂದರೆ ಅವನು ಒಡೆಯನ ಸ್ಥಾನದಲ್ಲಿದ್ದಾನೆ. ಒಡೆಯನೆಂದು ಕೇಳುವಂತಿಲ್ಲ, ಏಕೆಂದರೆ ಕಾಗದದಲ್ಲಿ ಅವನು ಒಡೆಯನಲ್ಲ. ಕಂತು ಕಟ್ಟಿದವನು ಅವನು, ಓಡಿಸಿದವನು ಅವನು. ರಕ್ಷಣೆ ಮಾತ್ರ ಮನೆಯಲ್ಲಿ ಪತ್ರಿಕೆ ಓದುತ್ತ ಕುಳಿತ ಮಾಸ್ತರರಿಗೆ! ಬೇರೆಯವರು ಓಡಿಸುವುದಿದ್ದರೆ ಅವರಿಗಾಗಿ ಸ್ವಲ್ಪ ಹೆಚ್ಚು ಹಣ ಕಟ್ಟಿ ಅಪಘಾತ ವಿಮೆಯನ್ನು ಸೇರಿಸಿಕೊಳ್ಳಬಹುದು. ಆದರೆ ಓಡಿಸುವವನು ಯಾರೆಂಬ ಮಾತನ್ನೇ ಮರೆಮಾಡುವ ಮನೆಯಲ್ಲಿ ಈ ಪ್ರಶ್ನೆ ಯಾರ ಬಾಯಿಂದಲೂ ಹೊರಡುವುದಿಲ್ಲ.

ಹೆಸರಿನ ಈ ಅದಲುಬದಲು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಸೊಲ್ಲಾಪುರಕ್ಕೆ ದೂರವಲ್ಲದ ಪುಣೆಯಲ್ಲಿ 2024ರ ಮೇ 19ರ ನಸುಕಿನಲ್ಲಿ ನಡೆದದ್ದು ಸಾಕ್ಷಿ. ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದನೆಂದು ಪೊಲೀಸರು ಹೇಳಿದ ಪೋರ್ಶೆ ಕಾರು ಬೈಕಿಗೆ ಬಡಿದು ಇಬ್ಬರು ತರುಣ ಇಂಜಿನಿಯರುಗಳು ಸತ್ತರು. ಕೋಟಿಗಟ್ಟಲೆ ಬೆಲೆಯ ಆ ಕಾರಿನ ಕಾಯಂ ನೋಂದಣಿ 1,758 ರೂಪಾಯಿ ಶುಲ್ಕ ಕಟ್ಟದೆ ನಿಂತಿತ್ತೆಂಬುದು ಆಗ ಹೊರಬಿತ್ತು. ಮನೆಯ ಡ್ರೈವರನೇ ಓಡಿಸುತ್ತಿದ್ದನೆಂದು ಅವನಿಂದ ಹೇಳಿಸಲು ಒತ್ತಾಯ ನಡೆಯಿತೆಂದು ಪೊಲೀಸರು ಮನೆಯವರ ಮೇಲೆ ಆರೋಪ ಹೊರಿಸಿದರು. ಅಕ್ಕಲಕೋಟೆಯ ಮಾವ ಅಳಿಯರನ್ನು ಈ ಪ್ರಕರಣದ ಪಕ್ಕದಲ್ಲಿ ನಿಲ್ಲಿಸುವುದು ಅನ್ಯಾಯ, ಹಾಗೆ ಮಾಡುತ್ತಿಲ್ಲ. ಆದರೆ ದಾರಿ ಒಂದೇ. ಕೊಳ್ಳುವಾಗ ಒಂದು ಹೆಸರು ಇನ್ನೊಂದರ ಬದಲಿಗೆ ನಿಲ್ಲಬಹುದಾದರೆ, ಅಪಘಾತದ ರಾತ್ರಿಯೂ ನಿಲ್ಲಬಹುದು ಎಂದು ಯಾರಿಗಾದರೂ ಹೊಳೆಯುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಎಲ್ಲರಿಗಿಂತ ಬಡವನಾದವನ ಹೆಸರೇ ಮೊದಲು ನೆನಪಾಗುತ್ತದೆ.

ಹಾಗಾದರೆ ಮಾವ ಕೈಕಟ್ಟಿ ಕುಳಿತಿರಬೇಕೆ? ಸಂಬಳದ ಚೀಟಿಯಿಲ್ಲದ ಹುಡುಗ ಕಾರಿನ ಆಸೆ ಬಿಡಬೇಕೆ? ಬೇಕಾಗಿಲ್ಲ. ಹೆಸರನ್ನು ಕೊಡುವ ಇನ್ನೊಂದು ಕ್ರಮ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಅದಕ್ಕೆ ಜಾಮೀನು ಎನ್ನುತ್ತೇವೆ. ಎರವಿನ ಹೆಸರಿಗೂ ಜಾಮೀನಿಗೂ ಇರುವ ವ್ಯತ್ಯಾಸ ಮೇಲ್ನೋಟಕ್ಕೆ ಸಣ್ಣದು, ಒಳಗೆ ದೊಡ್ಡದು. ಜಾಮೀನು ನಿಂತವನು “ಇವನು ಕೊಡದಿದ್ದರೆ ನಾನು ಕೊಡುತ್ತೇನೆ” ಎನ್ನುತ್ತಾನೆ. ಹೆಸರು ಎರವು ಕೊಟ್ಟವನು “ಇವನು ಇಲ್ಲವೇ ಇಲ್ಲ, ಇರುವುದು ನಾನು” ಎನ್ನುತ್ತಾನೆ. ಮೊದಲನೆಯದರಲ್ಲಿ ಹುಡುಗ ಮುಂದೆ, ಹಿರಿಯ ಅವನ ಬೆನ್ನ ಹಿಂದೆ. ಎರಡನೆಯದರಲ್ಲಿ ಹಿರಿಯ ಮುಂದೆ, ಹುಡುಗ ಮರೆಯಲ್ಲಿ. ಎರಡರಲ್ಲೂ ಪ್ರೀತಿಯಿದೆ, ಗಂಡಾಂತರವಿದೆ. ಸತ್ಯವಿರುವುದು ಒಂದರಲ್ಲಿ ಮಾತ್ರ. ಸಾಲಕ್ಕೆ ಮಾವ ಜಾಮೀನು ನಿಲ್ಲಲಿ, ಬೇಕಾದರೆ ಜೊತೆಯ ಸಾಲಗಾರರಾಗಿ ಸಹಿ ಹಾಕಲಿ. ಗಾಡಿ, ಪಾಲಿಸಿ ಎರಡೂ ಹುಡುಗನ ಹೆಸರಿನಲ್ಲಿರಲಿ. ಆ 5,000 ರೂಪಾಯಿಯ ಭಾರ ಹೆಚ್ಚಾಯಿತೆಂದರೆ ಮಾವ ಅದನ್ನು ತಮ್ಮ ಪಿಂಚಣಿಯಿಂದ ಕೊಡಬಹುದು. ಅದು ನಿಜವಾದ ಕೊಡುಗೆಯಾಗುತ್ತದೆ.

ಹರೆಯದವರ ದೃಷ್ಟಿಯಿಂದಲೂ ಇದನ್ನು ನೋಡಬೇಕು. ನಾವು ಮಕ್ಕಳಿಗೆ ಗಾಡಿಯ ಕೀಲಿಕೈಯನ್ನು ಕೊಡುತ್ತೇವೆ, ಹೆಸರನ್ನು ಕೊಡುವುದಿಲ್ಲ. ಸುಖ ಕೊಡುತ್ತೇವೆ, ಹೊಣೆ ಕೊಡುವುದಿಲ್ಲ. ಆಮೇಲೆ ಇಂದಿನ ಹುಡುಗರಿಗೆ ಜವಾಬ್ದಾರಿಯಿಲ್ಲವೆಂದು ವಾರ್ಷಿಕೋತ್ಸವಗಳಲ್ಲಿ ಭಾಷಣ ಮಾಡುತ್ತೇವೆ. ತನ್ನ ಹೆಸರು ಬರೆದ ಕಾಗದ ಗಾಡಿಯ ಪೆಟ್ಟಿಗೆಯಲ್ಲಿದ್ದರೆ, ಒಂದು ಸಣ್ಣ ಗೀರಿಗೂ ತಾನೇ ಉತ್ತರ ಹೇಳಬೇಕಾಗುತ್ತದೆ, ಪರಿಹಾರ ಕೇಳದೆ ಕಳೆದ ಒಂದೊಂದು ವರ್ಷವೂ ತನ್ನ ಲೆಕ್ಕಕ್ಕೆ ಜಮೆಯಾಗುತ್ತದೆ ಎಂಬ ಅರಿವು ಹುಡುಗನಲ್ಲಿ ತಾನಾಗಿ ಮೂಡುತ್ತದೆ. ಐದು ವರ್ಷದ ಕೊನೆಗೆ ಅವನಿಗೆ ಸಿಗುವ 50 ಶೇಕಡಾ ಅವನದೇ ಆಗಿರುತ್ತದೆ. ಮಾವನ ಹೆಸರಿನಲ್ಲಿ ಹತ್ತು ವರ್ಷ ಸರಿಯಾಗಿ ಓಡಿಸಿದರೂ ಅವನ ಸ್ವಂತದ ಲೆಕ್ಕ ಸೊನ್ನೆಯಲ್ಲಿಯೇ ನಿಂತಿರುತ್ತದೆ.

ಕನ್ನಡದ ಹೆಸರು, ಮಲಯಾಳದ ಪೇರ್ ಇವೆರಡೂ ಒಂದೇ ಬೇರಿನ ಮಾತುಗಳು. ಹಳಗನ್ನಡದ ಪೆಸರ್ ಅವುಗಳ ನಂಟನ್ನು ತೋರಿಸುತ್ತದೆ. ಎರಡು ಭಾಷೆಯಲ್ಲಿಯೂ ಆ ಮಾತಿಗೆ ಕೀರ್ತಿ ಎಂಬ ಅರ್ಥವೂ ಇದೆ. ಹೆಸರು ಗಳಿಸುವುದು, ಹೆಸರು ಕೆಡಿಸುವುದು ಎಂದು ನಾವು ಹೇಳುವಾಗ ಕಾಗದದ ಮೇಲಿನ ಅಕ್ಷರವನ್ನು ಹೇಳುತ್ತಿಲ್ಲ, ಲೋಕದ ಎದುರಿಗೆ ನಮ್ಮ ಮಾತಿಗಿರುವ ಬೆಲೆಯನ್ನು ಹೇಳುತ್ತೇವೆ. ಹೆಸರಿನ್ಯಾಗ ಏನೈತಿ ಎಂದು ಕೇಳಿದ ಅತ್ತೆಗೆ ಇಷ್ಟು ಹೇಳಬಹುದು: “ಹುಡುಗ ದಾರಿಯ ಮೇಲೆ ಬಿದ್ದ ದಿವಸ ಅವನ ಮನೆಯವರ ಕೈಗೆ ಬರುವುದು, ಬಾರದಿರುವುದು ಎಲ್ಲ ಅದರಾಗ ಐತಿ, ತಾಯಿ.”